ಬಲೆ ಬದಲಾಯಿತು, ಪಾಲಿನ ಲೆಕ್ಕ ಏನಾಯಿತು?

ಕರಾವಳಿಯ ಮೊಗವೀರರ ಸಂಪ್ರದಾಯದ ಮಾತು ಬಂದಾಗಲೆಲ್ಲ ಪತ್ರಿಕೆಗಳಲ್ಲಿ, ಟಿವಿ ವಾಹಿನಿಗಳಲ್ಲಿ ಕಾಣುವ ಚಿತ್ರಗಳು ಹೆಚ್ಚುಕಡಿಮೆ ಒಂದೇ ಬಗೆಯವು. ನೂಲ ಹುಣ್ಣಿಮೆಯ ದಿನ ಮಲ್ಪೆಯ ವಡಭಾಂಡೇಶ್ವರದಲ್ಲಿ ಪೂಜೆ ಸಲ್ಲಿಸಿ, ಮೆರವಣಿಗೆಯಲ್ಲಿ ಕಡಲಿಗೆ ಬಂದು ಹಾಲು, ಹೂವು, ತೆಂಗಿನಕಾಯಿ ಅರ್ಪಿಸುವ ಸಮುದ್ರಪೂಜೆ, ಊರೂರಿನ ಭಜನಾ ಮಂದಿರ, ಬೊಬ್ಬರ್ಯ ದೈವದ ನೇಮ, ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನ. ಇವುಗಳಲ್ಲಿ ಯಾವುದೂ ಸೊರಗಿಲ್ಲ. ಸಮುದಾಯದವರು 1957ರಲ್ಲಿ ಕಟ್ಟಿಸಿದ ಉಚ್ಚಿಲದ ದೇವಸ್ಥಾನ ಈಗ ಹೊಸದಾಗಿ ಶಿಲೆಯಲ್ಲಿ ಎದ್ದು ನಿಂತಿದೆ, 2022ರಲ್ಲಿ ಬ್ರಹ್ಮಕಲಶೋತ್ಸವ ಆಯಿತು, ಆ ವರ್ಷದಿಂದ ಅಲ್ಲಿ ದಸರಾ ಕೂಡ ವೈಭವದಿಂದ ನಡೆಯುತ್ತಿದೆ. ಆದರೂ ತೀರದ ಯಾವ ಊರಿಗೆ ಹೋದರೂ ಹಿರಿಯರ ಬಾಯಲ್ಲಿ ಬರುವ ಮಾತು, ಮೊದಲಿನ ಒಗ್ಗಟ್ಟು ಈಗ ಇಲ್ಲ ಎಂಬುದು. ಆಚರಣೆಗಳು ಬೆಳೆಯುತ್ತಲೇ ಬಂದಿವೆ, ಒಗ್ಗಟ್ಟು ಮಾತ್ರ ಸಡಿಲವಾಗಿದೆ ಎಂದಾದರೆ ಆ ಒಗ್ಗಟ್ಟನ್ನು ಕಟ್ಟಿ ನಿಲ್ಲಿಸಿದ್ದು ಬೇರೆ ಏನೋ ಇರಬೇಕು. ಅದು ದುಡಿಮೆಯ ಹಂಚಿಕೆಯ ಕಟ್ಟಳೆ ಎಂಬುದು ನನ್ನ ವಾದ. ಒಂದೇ ಬಲೆಯಲ್ಲಿ ಇಡೀ ಊರಿಗೆ ಪಾಲಿದ್ದ ಕಾಲದಲ್ಲಿ ಊರು ಒಂದಾಗಿತ್ತು. ಬಲೆ ಬದಲಾದಾಗ ಪಾಲಿನ ಲೆಕ್ಕವನ್ನೂ ಹೊಸದಾಗಿ ಬರೆಯಬೇಕಿತ್ತು. ಆ ಕೆಲಸ ಅರ್ಧಕ್ಕೇ ನಿಂತಿದೆ.

ಕರ್ನಾಟಕದ ಕರಾವಳಿ ಮುನ್ನೂರು ಕಿಲೋಮೀಟರಿಗೆ ಸ್ವಲ್ಪ ಮಿಕ್ಕಿದ್ದು. ಇಲ್ಲಿ ಕಡಲನ್ನು ನಂಬಿ ಬದುಕುವವರಲ್ಲಿ ಖಾರ್ವಿಗಳು, ಅಂಬಿಗರು, ಹರಿಕಾಂತರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದಾರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ತೀರದಲ್ಲಿ ಮೊಗವೀರರದೇ ದೊಡ್ಡ ಸಂಖ್ಯೆ. ಬಾರ್ಕೂರಿನಿಂದ ತೆಂಕಣಕ್ಕೆ ತುಳು, ಬಡಗಣಕ್ಕೆ ಕುಂದಾಪ್ರ ಕನ್ನಡ ಅವರ ಮನೆಮಾತು. ಬಳಿ ಎಂದರೆ ಕುಲ; ತಾಯಿಯ ಬಳಿಯೇ ಮಕ್ಕಳ ಬಳಿ. ಒಂದೇ ಬಳಿಯವರು ಮದುವೆಯಾಗುವಂತಿಲ್ಲ. ಹೆಸರಿನ ಕೊನೆಗೆ ಬರುವ ಸುವರ್ಣ, ಸಾಲಿಯಾನ್, ಕುಂದರ್, ಮೆಂಡನ್, ಕಾಂಚನ್, ತಿಂಗಳಾಯ, ಪುತ್ರನ್ ಇವೆಲ್ಲ ಆ ಬಳಿಯ ಗುರುತುಗಳು. ಊರಿಗೊಬ್ಬ ಮುಖ್ಯಸ್ಥ ಅಂದರೆ ಗುರಿಕಾರ, ಊರಿನದೇ ಸಭೆ, ಮಂಗಳೂರಿನ ಕಡೆ ಏಳು ಪಟ್ಣದಂತೆ ಹಲವು ಊರು ಕೂಡಿದ ಸಂಯುಕ್ತ ಸಭೆ. ಮದುವೆ, ಸಾವು, ಜಗಳ, ದೈವದ ಕೆಲಸ ಎಲ್ಲವೂ ಈ ಚೌಕಟ್ಟಿನಲ್ಲೇ ನಡೆಯುತ್ತಿತ್ತು. ಹೊರಗಿನಿಂದ ನೋಡುವವರಿಗೆ ಇದೊಂದು ಜಾತಿ ಕಟ್ಟುಪಾಡು ಅನ್ನಿಸಬಹುದು. ಆದರೆ ಗುರಿಕಾರನ ಮಾತಿಗೆ ಅಷ್ಟು ತೂಕ ಏಕೆ ಬಂತು, ಸಭೆಯಲ್ಲಿ ಸೋತವನೂ ಮರುದಿನ ತಲೆಬಾಗಿ ಏಕೆ ಬರುತ್ತಿದ್ದ ಎಂದು ಕೇಳಿದರೆ ಉತ್ತರ ಮರಳಿನ ಮೇಲೆ ಹರಡಿದ ಬಲೆಯಲ್ಲಿ ಸಿಗುತ್ತದೆ.

ಆ ಬಲೆಯ ಹೆಸರು ರಂಪಣಿ. ಗೋವಾದಿಂದ ಮಂಗಳೂರಿನ ತನಕ ದಡದಿಂದಲೇ ಎಳೆಯುತ್ತಿದ್ದ ಈ ಬಲೆ ಕಿಲೋಮೀಟರಿಗೂ ಉದ್ದ ಇರುತ್ತಿತ್ತು. ಇದನ್ನು ಒಂದು ಮನೆಯವರು ಮಾಡಿಸಿಕೊಳ್ಳಲು ಸಾಧ್ಯವಿರಲಿಲ್ಲ. ಹತ್ತಾರು ಮನೆಯವರು ತಮ್ಮ ತಮ್ಮ ತುಂಡು ತಂದು ಜೋಡಿಸಿದರೆ ಒಂದು ರಂಪಣಿ. ಹೀಗೆ ಕೂಡಿದ ಗುಂಪಿಗೆ ಕಂಪೆನಿ ಎಂದೋ ಫಂಡು ಎಂದೋ ಹೆಸರು. ಸೆಪ್ಟೆಂಬರ್ ಹೊತ್ತಿಗೆ ಕಡಲು ತಣ್ಣಗಾದ ಮೇಲೆ ಬೂತಾಯಿ, ಬಂಗುಡೆ ಹಿಂಡುಹಿಂಡಾಗಿ ದಡದ ಹತ್ತಿರಕ್ಕೆ ಬರುವುದನ್ನು ಅನುಭವಸ್ಥರು ದಂಡೆಯಲ್ಲಿ ನಿಂತು ಕಾಯುತ್ತಿದ್ದರು. ನೀರಿನ ಬಣ್ಣ ಒಂದು ಕಡೆ ಕಪ್ಪಾಗುವುದು, ಮೇಲೆ ಹಕ್ಕಿಗಳು ಮುತ್ತುವುದು, ನೀರಿನ ಮೇಲ್ಮೈ ನಡುಗುವುದು ಅವರಿಗೆ ಗುರುತು. ಕೂಗು ಬಿದ್ದೊಡನೆ ಹಗ್ಗದ ಒಂದು ತುದಿ ದಡದವರ ಕೈಯಲ್ಲಿ ಬಿಟ್ಟು ರಂಪಣಿ ದೋಣಿ ಬಲೆ ಬಿಡುತ್ತ ಕಡಲಿಗೆ ಇಳಿಯುತ್ತದೆ, ಹಿಂಡನ್ನು ಸುತ್ತಿ ಬಳಸಿಕೊಂಡು ಇನ್ನೊಂದು ತುದಿಯನ್ನು ಸಾಕಷ್ಟು ದೂರದ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಹತ್ತಾರು ಜನ ಸಾಲು ನಿಂತು ಗಂಟೆಗಟ್ಟಲೆ ಎಳೆಯುತ್ತಾರೆ. ಮೀನು ವಿಪರೀತ ಬಿದ್ದರೆ ಎಲ್ಲವನ್ನೂ ಒಮ್ಮೆಗೇ ಮೇಲೆ ತರುತ್ತಿರಲಿಲ್ಲ. ತುದಿಗಳನ್ನು ಭದ್ರ ಮಾಡಿ, ಮೀನನ್ನು ಬಲೆಯೊಳಗೆ ಜೀವಂತ ಇಟ್ಟು, ಕೊಳ್ಳುವವರು ಬಂದ ಹಾಗೆ, ಗಾಡಿ ಸಿಕ್ಕ ಹಾಗೆ ಸ್ವಲ್ಪ ಸ್ವಲ್ಪವೇ ತೆಗೆಯುತ್ತಿದ್ದರು. ಐಸ್ ಇಲ್ಲದ ಕಾಲದಲ್ಲಿ ಕಡಲೇ ಶೈತ್ಯಾಗಾರ. ಬೆಲೆ ಬೀಳದಂತೆ ನೋಡಿಕೊಳ್ಳುವ ಇಷ್ಟು ಸರಳವಾದ ಉಪಾಯ ಇವತ್ತಿನ ಬಂದರಿನಲ್ಲಿ ಕಾಣಸಿಗುವುದಿಲ್ಲ.

ಹಿಡಿದ ಮೀನಿನ ಹಣ ಹಂಚುವಾಗ ಬಲೆಯ ತುಂಡಿಗೆ ಇಷ್ಟು, ದೋಣಿಗೆ ಇಷ್ಟು, ದುಡಿಮೆಗೆ ಇಷ್ಟು ಎಂಬ ಲೆಕ್ಕ. ಊರಿನಿಂದ ಊರಿಗೆ ಪ್ರಮಾಣ ಬೇರೆ, ತತ್ವ ಒಂದೇ: ಬಂಡವಾಳಕ್ಕೆ ಪಾಲು ಸಿಗಬೇಕು, ಮೈಮುರಿದು ಎಳೆದವನಿಗೂ ಸಿಗಬೇಕು. ದೇವರ ಪಾಲು ಎಂದು ತೆಗೆದಿಟ್ಟದ್ದರಲ್ಲಿ ಊರಿನ ಗುಡಿಯ ಖರ್ಚು ನಡೆಯುತ್ತಿತ್ತು. ಇದರಿಂದ ಆದ ದೊಡ್ಡ ಪರಿಣಾಮವನ್ನು ಗಮನಿಸಬೇಕು. ಎರಡು ಮನೆಗಳಿಗೆ ಜಗಳವಾಗಿ ಒಂದು ಮನೆಯವರು ತಮ್ಮ ತುಂಡು ಬಿಚ್ಚಿಕೊಂಡರೆ ಬಲೆ ಗಿಡ್ಡವಾಗುತ್ತದೆ. ಒಂದು ಕೇರಿಯ ಗಂಡಸರು ಮುನಿಸಿಕೊಂಡು ಬರದಿದ್ದರೆ ಎಳೆಯುವ ಕೈ ಸಾಲುವುದಿಲ್ಲ, ಹಿಂಡು ಕಣ್ಣೆದುರೇ ದಾಟಿ ಹೋಗುತ್ತದೆ. ಹಾಗಾಗಿ ಜಗಳ ಬೇಗ ತೀರಿಸುವುದು ಎಲ್ಲರ ಹೊಟ್ಟೆಯ ಪ್ರಶ್ನೆಯಾಗಿತ್ತು. ಗುರಿಕಾರನ ತೀರ್ಪಿಗೆ ಬಲ ಬಂದದ್ದು ಅಲ್ಲಿಂದ. ಊರಿನ ಸಭೆ ಮತ್ತು ರಂಪಣಿಯ ಫಂಡು ಎಂಬ ಎರಡು ಬೇರೆ ಬೇರೆ ವ್ಯವಸ್ಥೆಗಳಿದ್ದವು ಎಂದು ನಾವು ಇಂದು ಬಿಡಿಸಿ ನೋಡುತ್ತೇವೆ. ಅಲ್ಲಿ ಇದ್ದವರಿಗೆ ಅವೆರಡೂ ಒಂದೇ ಬದುಕಿನ ಎರಡು ಕೆಲಸಗಳಾಗಿದ್ದವು.

1970ರ ದಶಕದ ನಡುಭಾಗದಲ್ಲಿ ಪರ್ಸೀನ್ ಬೋಟುಗಳು ಕರ್ನಾಟಕದ ಕಡಲಿಗೆ ಬಂದವು. ಟ್ರಾಲ್ ಬೋಟುಗಳು ಅದಕ್ಕೂ ಮೊದಲೇ ಬಂದಿದ್ದವು, ಆದರೆ ಅವು ತಳದ ಸಿಗಡಿಯ ಬೆನ್ನು ಹತ್ತಿದ್ದರಿಂದ ರಂಪಣಿಗೆ ನೇರ ಪೆಟ್ಟು ಬೀಳಲಿಲ್ಲ. ಪರ್ಸೀನಿನ ಕತೆ ಬೇರೆ. ಅದಕ್ಕೂ ಬೇಕಾದ್ದು ಅದೇ ಬೂತಾಯಿ, ಅದೇ ಬಂಗುಡೆ. ರಂಪಣಿ ಮೀನು ದಡಕ್ಕೆ ಬರುವ ತನಕ ಕಾಯುತ್ತಿತ್ತು. ಪರ್ಸೀನ್ ಮೀನಿದ್ದಲ್ಲಿಗೇ ಹೋಗಿ ಹಿಂಡನ್ನು ಸುತ್ತಿ, ಬಲೆಯ ಬುಡದ ಹಗ್ಗ ಬಿಗಿದು, ಎತ್ತಿಕೊಂಡು ಬಂತು. ಒಂದು ಬೋಟಿಗೆ ಇಪ್ಪತ್ತೈದು ಮೂವತ್ತು ಜನ ಸಾಕು. ಕೆಲವೇ ವರ್ಷಗಳಲ್ಲಿ ಬೋಟುಗಳ ಸಂಖ್ಯೆ ನೂರು ದಾಟಿತು. ದಂಡೆಯಲ್ಲಿ ಕಾದು ನಿಂತವರ ಕಣ್ಣಿಗೆ ಹಿಂಡು ಬೀಳುವುದೇ ಅಪರೂಪವಾಯಿತು. ರಂಪಣಿಯವರು ಸಿಟ್ಟಿಗೆದ್ದರು, ಪ್ರತಿಭಟಿಸಿದರು, ದಡದಿಂದ ಇಷ್ಟು ದೂರದೊಳಗೆ ಪರ್ಸೀನ್ ಬರಬಾರದು ಎಂದು ಕೇಳಿದರು. ಮುಂದೆ ಅನೇಕ ಕಡೆ ಸಾಲದ ನೆರವಿನಿಂದ ರಂಪಣಿಯವರೇ ಗುಂಪು ಕಟ್ಟಿ ಪರ್ಸೀನ್ ಬೋಟು ಮಾಡಿಸಿಕೊಂಡರು. ಇದು ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಬಹಳ ಮುಖ್ಯವಾದ ಘಟ್ಟ. ಹಳೆಯ ಹಂಚಿಕೆಯ ಬುದ್ಧಿಯನ್ನು ಹೊಸ ಯಂತ್ರಕ್ಕೆ ಹೊಂದಿಸುವ ಪ್ರಯತ್ನ ಅದು, ಮೀನುಗಾರರೇ ಮಾಡಿದ್ದು. ಆದರೆ ಬಲೆಯಲ್ಲಿ ಪಾಲಿದ್ದವರಿಗೆಲ್ಲ ಬೋಟಿನಲ್ಲಿ ಜಾಗ ಸಿಗಲಿಲ್ಲ. ಬಲೆಯ ತುಂಡಿಲ್ಲದೆ ಬರೀ ಎಳೆಯಲು ಬರುತ್ತಿದ್ದವರು ಲೆಕ್ಕದಿಂದ ಪೂರ್ತಿ ಹೊರಗುಳಿದರು. 1980ರ ದಶಕದ ಆರಂಭದ ಹೊತ್ತಿಗೆ ದೊಡ್ಡ ರಂಪಣಿಗಳು ಹೆಚ್ಚುಕಡಿಮೆ ಮರೆಯಾದವು. ಈಗ ಉಳಿದಿರುವುದು ಕೆಲವು ಊರುಗಳಲ್ಲಿ ಎಳೆಯುವ ಸಣ್ಣ ಕೈರಂಪಣಿ ಮಾತ್ರ.

ಬದಲಾವಣೆಯ ಹೆಚ್ಚಿನ ಭಾರ ಬಿದ್ದದ್ದು ಹೆಂಗಸರ ಮೇಲೆ. ರಂಪಣಿಯ ಮೀನು ಬೀಳುತ್ತಿದ್ದುದು ಅವರ ಮನೆಯೆದುರಿನ ಮರಳಿನಲ್ಲಿ. ಗಂಡ, ಅಣ್ಣ, ಮಾವ ಎಳೆದು ತಂದ ಮೀನನ್ನು ಅಲ್ಲೇ ಕೊಂಡು ಬುಟ್ಟಿ ತುಂಬಿ ಒಳನಾಡಿನ ಹಳ್ಳಿಗಳಿಗೆ ಹೊತ್ತು ಮಾರುವುದು, ಹೆಚ್ಚಾದದ್ದನ್ನು ಉಪ್ಪು ಹಾಕಿ ಒಣಗಿಸಿ ಮಳೆಗಾಲಕ್ಕೆ ಇಡುವುದು, ಇದರ ಲೆಕ್ಕ ಪೂರ್ತಿ ಅವರದೇ. ಮನೆಯಲ್ಲಿ ರೋಖು ಹಣ ಓಡಾಡುತ್ತಿದ್ದುದು ಹೆಚ್ಚಾಗಿ ಹೆಂಗಸಿನ ಕೈಯಲ್ಲಿ; ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಯಲ್ಲಿ ಅವಳ ಮಾತಿಗೆ ಇದ್ದ ಬೆಲೆಗೆ ಈ ಹಣವೂ ಒಂದು ಆಧಾರ. ಯಾಂತ್ರಿಕ ಬೋಟು ಊರಿನ ಮರಳಿಗೆ ಬರಲಾರದು. ಅದಕ್ಕೆ ದಕ್ಕೆ ಬೇಕು, ಐಸ್ ಬೇಕು, ಡೀಸೆಲ್ ಬಂಕ್ ಬೇಕು. ಮೀನೆಲ್ಲ ಮಲ್ಪೆ, ಮಂಗಳೂರು, ಗಂಗೊಳ್ಳಿಯಂಥ ಬಂದರುಗಳಿಗೆ ಸರಿಯಿತು. ಹತ್ತು ಹೆಜ್ಜೆ ನಡೆದು ಮೀನು ಕೊಳ್ಳುತ್ತಿದ್ದವಳು ಈಗ ಬೆಳಗಿನ ಜಾವ ಟೆಂಪೊ ಹತ್ತಿ ಬಂದರಿಗೆ ಹೋಗಬೇಕು, ಲಾರಿ ನಿಲ್ಲಿಸಿಕೊಂಡ ವ್ಯಾಪಾರಿಯೆದುರು ಏಲಂನಲ್ಲಿ ಕೂಗಬೇಕು. ಒಳ್ಳೆಯ ಅಂಜಲ್, ಮಾಂಜಿ ದೂರದ ಪೇಟೆಗೆ ಹೋಗುತ್ತದೆ. ಬುಟ್ಟಿಗೆ ಎಟುಕುವುದು ಉಳಿದದ್ದು. ಐಸ್, ಟೆಂಪೊ ಬಾಡಿಗೆ, ಸಾಲದ ಬಡ್ಡಿ ಕಳೆದು ಮಾರುಕಟ್ಟೆಗೆ ಬಂದು ಕೂತರೆ ಮನೆಬಾಗಿಲಿಗೇ ಬೈಕಿನಲ್ಲಿ ಮೀನು ತರುವವರ ಪೈಪೋಟಿ. ಹಸಿಮೀನು ಮಾರುವ ಮಹಿಳೆಯರು ತಮ್ಮದೇ ಸಂಘ ಕಟ್ಟಿಕೊಂಡು ಮಾರುಕಟ್ಟೆಯ ಜಾಗಕ್ಕಾಗಿ, ಸಾಲಕ್ಕಾಗಿ ಹೋರಾಡಿದ್ದಾರೆ, ಕೆಲವು ಕಡೆ ಗೆದ್ದಿದ್ದಾರೆ. ಆದರೂ ಬಂದರು ಕಟ್ಟುವಾಗ, ಏಲಂನ ನಿಯಮ ಮಾಡುವಾಗ ಅವರನ್ನು ಪಾಲುದಾರರು ಎಂದು ಪರಿಗಣಿಸಿದ ಲಕ್ಷಣ ಕಾಣುವುದಿಲ್ಲ. ಎಷ್ಟೋ ಬಂದರುಗಳಲ್ಲಿ ಹೆಂಗಸರಿಗೆ ಶೌಚಾಲಯ, ನೆರಳು, ಕುಡಿಯುವ ನೀರು ಇವತ್ತಿಗೂ ಬೇಡಿಕೆಯ ಪಟ್ಟಿಯಲ್ಲೇ ಇವೆ ಎಂಬುದು ನಾಚಿಕೆಯ ವಿಷಯ.

ಇದನ್ನೆಲ್ಲ ಹೇಳಿದರೆ ಬರುವ ಮೊದಲ ಆಕ್ಷೇಪ: ಇದು ಹಳೆಯದನ್ನು ಚಂದಗಾಣಿಸುವ ಮಾತು, ರಂಪಣಿಯ ಕಾಲದಲ್ಲಿ ಹಸಿವಿರಲಿಲ್ಲವೇ? ಇತ್ತು, ಧಾರಾಳವಾಗಿ ಇತ್ತು. ಮಳೆಗಾಲದ ತಿಂಗಳುಗಳು ಅರೆಹೊಟ್ಟೆಯವು. ಬಲೆಯಲ್ಲಿ ಹೆಚ್ಚು ತುಂಡು ಇದ್ದವನು ಸಾಹುಕಾರ, ತುಂಡೇ ಇಲ್ಲದವನು ಕೂಲಿ; ಹೆಂಗಸರಿಗೆ ಬಲೆಯ ಲೆಕ್ಕದಲ್ಲಿ ನೇರ ಪಾಲು ಇರಲಿಲ್ಲ, ಸಭೆಯಲ್ಲಿ ಮಾತೂ ಇರಲಿಲ್ಲ. ಈ ಬಡತನದಿಂದಲೇ ಹುಡುಗರು ಮುಂಬೈಯ ಹಡಗು ಹತ್ತಿದರು. ಮೀನುಗಾರನ ಮಗ ಇವತ್ತು ಎಂಜಿನಿಯರ್ ಆಗಿದ್ದರೆ, ಹೆಂಚಿನ ಮನೆಯ ಜಾಗದಲ್ಲಿ ತಾರಸಿ ಮನೆ ಎದ್ದಿದ್ದರೆ ಅದರಲ್ಲಿ ಎಂಜಿನ್ ಬೋಟಿನ ದುಡ್ಡಿದೆ. ಆ ದುಡ್ಡನ್ನು ಅವಹೇಳನ ಮಾಡುವ ಹಕ್ಕು ದಡದಲ್ಲಿ ನಿಂತು ಮೀನು ಕೊಳ್ಳುವ ನಮಗಿಲ್ಲ. ರಂಪಣಿ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ, ಅದು ಬರುವುದೂ ಇಲ್ಲ. ರಂಪಣಿಯಲ್ಲಿದ್ದ ಒಂದು ಗುಣದ ಬಗ್ಗೆ ಮಾತ್ರ ನನ್ನ ಒತ್ತು: ಮೀನು ಬಿದ್ದ ದಿನ ಯಾರಿಗೆ ಎಷ್ಟು ಎಂಬುದು ಊರಿನ ಎದುರು, ಎಲ್ಲರಿಗೂ ತಿಳಿಯುವಂತೆ ತೀರ್ಮಾನವಾಗುತ್ತಿತ್ತು.

ಎರಡನೆಯ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಬಿಗಿಯಾದ ಸಮುದಾಯ ಬದಲಾವಣೆಯೆದುರು ಒಡೆದೇ ಒಡೆಯುತ್ತದೆ, ಅದಕ್ಕೆ ಹಂಚಿಕೆಯ ಕಾರಣ ಹುಡುಕುವುದೇಕೆ ಎನ್ನುವವರಿದ್ದಾರೆ. ಮೊಗವೀರರ ಚರಿತ್ರೆ ಇದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತದೆ. ಮುಂಬೈಯಲ್ಲಿ ಕೂಲಿನಾಲಿ ಮಾಡುತ್ತಿದ್ದ ಮೊಗವೀರರು 1902ರಲ್ಲೇ ಮೊಗವೀರ ವ್ಯವಸ್ಥಾಪಕ ಮಂಡಳಿ ಕಟ್ಟಿದರು. ರಾತ್ರಿಶಾಲೆ, ಸಹಕಾರಿ ಬ್ಯಾಂಕ್, 'ಮೊಗವೀರ' ಎಂಬ ಕನ್ನಡ ಮಾಸಪತ್ರಿಕೆ, ಎಲ್ಲ ಪರವೂರಿನಲ್ಲಿ ಇದ್ದುಕೊಂಡು ಮಾಡಿದ್ದು. ಮುಂಬೈ ಕನ್ನಡಿಗರ ಸಂಘಜೀವನದ ಚರಿತ್ರೆ ಬರೆಯುವವರು ಈ ಮಂಡಳಿಯನ್ನು ಬಿಟ್ಟು ಬರೆಯಲಾರರು. ಒಟ್ಟು ಸಮಾಜಕ್ಕೆ ಒಂದು ದೊಡ್ಡ ದೇವಸ್ಥಾನ ಬೇಕು ಎಂದು ಉಚ್ಚಿಲದಲ್ಲಿ ಕಟ್ಟಿದ್ದು ಕೂಡ ಆ ಕಾಲಕ್ಕೆ ಹೊಸ ಯೋಚನೆಯೇ. ಇವತ್ತು ಅನಾದಿಯಿಂದ ಬಂದದ್ದು ಎಂಬಂತೆ ಕಾಣುವ ಆ ಸಂಪ್ರದಾಯಕ್ಕೆ ಒಂದು ಶತಮಾನವೂ ತುಂಬಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಆಸ್ತಿಯ ಹಂಚಿಕೆಯನ್ನು ಬುಡಮೇಲು ಮಾಡಿದವು, ಆದರೂ ಬಳಿಯ ಗುರುತು ಉಳಿಯಿತು, ಸಂಬಂಧಗಳು ಉಳಿದವು. ಈ ಕಡಲ ಜನ ಆರಾಧಿಸುವ ಬೊಬ್ಬರ್ಯ ದೈವದ ಐತಿಹ್ಯದಲ್ಲೇ ಮುಸ್ಲಿಂ ತಂದೆ ಇದ್ದಾನೆ. ಹೊರಗಿನದನ್ನು ಒಳಗೆ ತಂದುಕೊಂಡು ತಮ್ಮದನ್ನಾಗಿ ಮಾಡಿಕೊಳ್ಳುವ ಶಕ್ತಿ ಇರುವ ಸಮುದಾಯಕ್ಕೆ ಒಂದು ಎಂಜಿನ್ ಜೀರ್ಣವಾಗಲಿಲ್ಲ ಎಂದರೆ ನಂಬಲಾಗದು. ಎಲ್ಲಿ ಕುಳಿತು ಮಾತಾಡಿಕೊಂಡು ಹೊಸ ನಿಯಮ ಮಾಡಿಕೊಂಡರೋ ಅಲ್ಲಿ ಬದಲಾವಣೆ ಸುಸೂತ್ರವಾಯಿತು. ಕಡಲಿನ ವಿಷಯದಲ್ಲಿ ಮಾತ್ರ ಆ ಮಾತುಕತೆ ನಡೆಯಲಿಲ್ಲ. ಬೋಟು, ಸಾಲ, ಸಬ್ಸಿಡಿ, ಬಂದರು ಇವು ಇಲಾಖೆ, ಬ್ಯಾಂಕು, ಕಮಿಷನ್ ಏಜೆಂಟರ ನಡುವೆ ತೀರ್ಮಾನವಾದವು.

ಇವತ್ತಿನ ಆಳಸಮುದ್ರ ಬೋಟನ್ನೇ ನೋಡಿ. ವಾರ, ಹತ್ತು ದಿನ ಕಡಲಲ್ಲಿ ಇದ್ದು ಬರುವ ಬೋಟಿನಲ್ಲಿ ಅದನ್ನು ನಡೆಸುವ ತಾಂಡೇಲ, ಅವನ ಕೆಳಗೆ ಏಳೆಂಟು ಜನ. ಮೀನು ಮಾರಿದ ಹಣದಲ್ಲಿ ಡೀಸೆಲ್, ಐಸ್, ರೇಷನ್ ಕಳೆದು ಉಳಿದದ್ದರಲ್ಲಿ ಮಾಲೀಕನಿಗೂ ದುಡಿದವರಿಗೂ ಪಾಲು, ತಾಂಡೇಲನಿಗೆ ಹೆಚ್ಚು. ಪಾಲಿನ ಪದ್ಧತಿ ಸತ್ತಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಆದರೆ ಆ ಪಾಲು ಬೋಟಿನ ಒಳಗೇ ಉಳಿಯಿತು, ಊರಿನ ತನಕ ಬರಲಿಲ್ಲ. ಬೋಟಿನಲ್ಲಿ ದುಡಿಯುವವರೂ ಈಗ ಊರಿನವರೇ ಅಲ್ಲ. ಮೊಗವೀರರ ಮಕ್ಕಳು ಓದಿ ಬೇರೆ ಕೆಲಸ ಹಿಡಿದರು. ಆ ಜಾಗಕ್ಕೆ ಉತ್ತರ ಕನ್ನಡದವರು ಬಂದರು, ಆಂಧ್ರ, ಒಡಿಶಾ, ಜಾರ್ಖಂಡಿನವರೂ ಬಂದರು. ಬಲೆ ಹೆಣೆಯುವ, ಮೀನು ವಿಂಗಡಿಸುವ, ಬುಟ್ಟಿ ಹೊರುವ ಕೆಲಸದಲ್ಲಿ ಬಯಲುಸೀಮೆಯ ಕುಟುಂಬಗಳಿವೆ. ಇವರ ಲೆಕ್ಕ ಯಾವ ಸಭೆಯಲ್ಲಿ ನಡೆಯಬೇಕು? ಇವರಿಗೆ ಅನ್ಯಾಯವಾದರೆ ಯಾವ ಗುರಿಕಾರನ ಬಳಿ ಹೋಗಬೇಕು? ಬಿಗಿಯಾದ ಸಮುದಾಯದ ಎರಡು ಮುಖಗಳೂ ಈ ಪ್ರಶ್ನೆಯೆದುರು ಕಾಣಿಸಿಕೊಂಡಿವೆ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಏಳು ಜನರಲ್ಲಿ ಐವರು ಉತ್ತರ ಕನ್ನಡದವರು. ಹುಡುಕಾಟ ಚುರುಕಾಗಲಿ ಎಂದು 2019ರ ಜನವರಿಯಲ್ಲಿ ಸಾವಿರಾರು ಮೀನುಗಾರರು, ಹೆಂಗಸರು ಬೀದಿಗಿಳಿದು ಹೆದ್ದಾರಿ ತಡೆದರು. ಕಾಣೆಯಾದವನು ಯಾವ ಊರಿನವನು, ಯಾವ ಬಳಿಯವನು ಎಂದು ಅಂದು ಯಾರೂ ಕೇಳಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ನೌಕಾಪಡೆ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ಬೋಟಿನ ಅವಶೇಷ ಕಂಡುಹಿಡಿಯಿತು. ಅದೇ ಮಲ್ಪೆ ಬಂದರಿನಲ್ಲಿ 2025ರ ಮಾರ್ಚ್‌ನಲ್ಲಿ, ಮೀನು ಕದ್ದಳು ಎಂಬ ಆರೋಪ ಹೊರಿಸಿ ಹೊರಜಿಲ್ಲೆಯಿಂದ ಬಂದು ದುಡಿಯುತ್ತಿದ್ದ ದಲಿತ ಹೆಣ್ಣುಮಗಳೊಬ್ಬಳನ್ನು ಮರಕ್ಕೆ ಕಟ್ಟಿ ಹೊಡೆದರು. ನೋಡುತ್ತ ನಿಂತವರಿದ್ದರು. ಪೊಲೀಸರು ಪ್ರಕರಣ ದಾಖಲಿಸಿ ಬಂಧಿಸಿದ ಮೇಲೆ ಬಂಧನವನ್ನೇ ವಿರೋಧಿಸುವ ಸಭೆಯೂ ನಡೆಯಿತು. ಆ ಹೊಡೆತಕ್ಕೆ ಸಮರ್ಥನೆ ಇಲ್ಲ, ಇರಲೂ ಸಾಧ್ಯವಿಲ್ಲ. ಒಗ್ಗಟ್ಟು ಎಂಬುದು ತನ್ನಷ್ಟಕ್ಕೇ ಒಳ್ಳೆಯದು ಎಂದು ನಂಬುವವರು ಈ ಎರಡು ಘಟನೆಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಕಡಲಲ್ಲಿ ಕಳೆದುಹೋದವನು ನಮ್ಮವನಾದ, ದಕ್ಕೆಯಲ್ಲಿ ಬುಟ್ಟಿ ಹೊರುವವಳು ನಮ್ಮವಳಾಗಲಿಲ್ಲ. ಅವಳಿಗೆ ಬಂದರಿನ ಲೆಕ್ಕದಲ್ಲಿ ಗೊತ್ತಾದ ಪಾಲು ಇದ್ದಿದ್ದರೆ, ದೂರು ಕೇಳುವ ಒಂದು ಜಾಗ ಇದ್ದಿದ್ದರೆ, ನಾಲ್ಕು ಮೀನಿನ ತಕರಾರು ಮರದ ಬುಡಕ್ಕೆ ಹೋಗುತ್ತಿರಲಿಲ್ಲ ಎಂದು ನಾನು ನಂಬುತ್ತೇನೆ. ಹಿಂದೆ ಬಲೆ ಎಳೆದವರೆಲ್ಲ ಊರಿನವರಾಗಿದ್ದರು, ಹಾಗಾಗಿ ಜಾತಿಯ ಸಭೆಯೇ ದುಡಿಮೆಯ ಸಭೆಯೂ ಆಗಿತ್ತು. ಈಗ ದುಡಿಯುವವರ ಗಡಿ ಹಿಗ್ಗಿದೆ, ಸಭೆಯ ಗಡಿ ಹಿಗ್ಗಿಲ್ಲ.

ಮತ್ಸ್ಯಕ್ಷಾಮದ ವಿಷಯದಲ್ಲೂ ಹಂಚಿಕೆಯ ಪ್ರಶ್ನೆಯೇ ಬೇರೆ ರೂಪದಲ್ಲಿ ಎದುರಾಗುತ್ತದೆ. ಮೀನು ಕಡಿಮೆಯಾಗಿದ್ದು ಬಲೆಯಿಂದಲ್ಲ, ಕಡಲು ಬಿಸಿಯಾಗಿದ್ದರಿಂದ ಎಂದು ವಾದಿಸುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯಾಂಶವಿದೆ. ಬೂತಾಯಿ ಮೊದಲಿನಿಂದಲೂ ಚಂಚಲ. 1940ರ ದಶಕದಲ್ಲಿ, ಎಂಜಿನ್ ಬೋಟಿನ ಸುಳಿವೂ ಇಲ್ಲದ ಕಾಲದಲ್ಲಿ, ಅದು ಎಷ್ಟು ವಿರಳವಾಯಿತೆಂದರೆ ಆಗ ಈ ತೀರವನ್ನೂ ಆಳುತ್ತಿದ್ದ ಮದರಾಸು ಸರ್ಕಾರ 1943ರಲ್ಲಿ ಬೂತಾಯಿ ಹಿಡಿಯುವ ಕೆಲವು ಬಲೆಗಳ ಮೇಲೆ ನಿರ್ಬಂಧ ಹೇರಿತು. ನೀರಿನ ಬಿಸಿ, ಮಳೆಯ ಪ್ರಮಾಣ, ಮೀನಿಗೆ ಆಹಾರವಾದ ಸೂಕ್ಷ್ಮಜೀವಿಗಳ ಏರುಪೇರಿಗೆ ತಕ್ಕಂತೆ ಈ ಮೀನು ಬರುತ್ತದೆ, ಹೋಗುತ್ತದೆ. ಆದರೆ ಪ್ರಕೃತಿಯಿಂದಲೇ ಮೀನು ಕಡಿಮೆಯಾದ ವರ್ಷ ಹಿಡಿಯುವವರು ಕೈ ಬಿಗಿ ಹಿಡಿಯಬೇಕಲ್ಲವೇ? ನಡೆಯುತ್ತಿರುವುದು ವಿರುದ್ಧ. ಮೀನು ಕಡಿಮೆಯಾದಷ್ಟೂ ಎಂಜಿನ್ನಿನ ಕುದುರೆಶಕ್ತಿ ಏರುತ್ತಿದೆ, ಬಲೆಯ ಕಣ್ಣು ಕಿರಿದಾಗುತ್ತಿದೆ, ಮರಿಮೀನು ಕೂಡ ಫಿಶ್‌ಮೀಲ್ ಕಾರ್ಖಾನೆಗೆ ಹೋಗಿ ಪುಡಿಯಾಗುತ್ತಿದೆ. ಸಾಲದ ಕಂತು ಕಟ್ಟಬೇಕಾದ ಮಾಲೀಕನೊಬ್ಬನಿಗೆ ಬೇರೆ ದಾರಿಯೂ ಕಾಣುವುದಿಲ್ಲ. ತಾನು ಬಿಟ್ಟ ಮರಿಯನ್ನು ಪಕ್ಕದ ಬೋಟಿನವನು ಹಿಡಿಯುತ್ತಾನೆ ಎಂಬುದು ಅವನಿಗೆ ಗೊತ್ತು.

ಎರಡು ನಿಯಮಗಳ ಗತಿಯನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಈ ನಿಯಮಕ್ಕೆ ಬಹುತೇಕ ಎಲ್ಲರೂ ತಲೆಬಾಗುತ್ತಾರೆ. ಮಳೆಗಾಲದ ಕಡಲು ಒರಟು ಎಂಬುದೊಂದು ಕಾರಣವಾದರೆ, ಯಾರ ಬೋಟು ದಕ್ಕೆಯಲ್ಲಿದೆ, ಯಾರದು ಇಲ್ಲ ಎಂಬುದು ಊರಿಗೆಲ್ಲ ಕಾಣುತ್ತದೆ ಎಂಬುದು ಇನ್ನೊಂದು. ಆಗ ಕಡಲಿಗಿಳಿಯುವ ಹಕ್ಕು ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ. ಅಂದರೆ ಈ ನಿಯಮದಲ್ಲಿ ಬಡವನಿಗೂ ಒಂದು ಪಾಲಿದೆ, ಅದನ್ನು ಕಾಯುವುದು ಅವನ ಹಿತವೂ ಹೌದು. ಇನ್ನೊಂದು, ಬೆಳಕು ಹಾಯಿಸಿ ಮೀನು ಹಿಡಿಯುವುದರ ಮೇಲಿನ ನಿಷೇಧ. ಕತ್ತಲಲ್ಲಿ ಜನರೇಟರ್ ಹಚ್ಚಿ ಪ್ರಖರ ಎಲ್‌ಇಡಿ ದೀಪ ಉರಿಸಿದರೆ ದೂರದ ಮೀನೂ ಮರಿಯೂ ಒಂದೆಡೆ ಬಂದು ಮುತ್ತುತ್ತದೆ. ಇದನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿತು. ಆದರೂ ನಾಡದೋಣಿಯವರ ದೂರು ನಿಂತಿಲ್ಲ, ಪ್ರತಿಭಟನೆ ನಿಂತಿಲ್ಲ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಅಧಿಕಾರ, ಆಚೆಗೆ ಕೇಂದ್ರದ್ದು. ರಾತ್ರಿಯ ಕಡಲಲ್ಲಿ ಯಾರು ಎಲ್ಲಿ ದೀಪ ಹಚ್ಚಿದರು ಎಂದು ನೋಡುವವರು ಯಾರು? 1986ರ ರಾಜ್ಯದ ಮೀನುಗಾರಿಕಾ ನಿಯಂತ್ರಣ ಕಾಯಿದೆ ಇದೆ, ದಂಡವಿದೆ, ಗಸ್ತು ದೋಣಿ ಸಾಲದು. ದೀಪ ಹಚ್ಚುವವನೂ ಅದನ್ನು ವಿರೋಧಿಸುವವನೂ ಎಷ್ಟೋ ಕಡೆ ಒಂದೇ ಸಮುದಾಯದವರು, ಒಂದೇ ದೇವಸ್ಥಾನಕ್ಕೆ ಕಾಣಿಕೆ ಕೊಡುವವರು, ನೂಲ ಹುಣ್ಣಿಮೆಗೆ ಒಂದೇ ಮೆರವಣಿಗೆಯಲ್ಲಿ ನಡೆಯುವವರು. ಆಚರಣೆಯ ಒಗ್ಗಟ್ಟು ಕಡಲಿನ ತಂಟೆಯನ್ನು ಬಗೆಹರಿಸಲಾರದು ಎಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ನನಗೆ ಕಾಣದು.

ಕಾನೂನು ಬಿಗಿ ಮಾಡಿದರೆ ಸಾಕು, ಊರಿನ ಸಭೆ ಗಿಭೆ ಹಳೆಯ ಕಾಲದ ಮಾತು ಎನ್ನುವವರಿಗೆ ಉತ್ತರವೂ ಇಲ್ಲೇ ಇದೆ. ಕಾನೂನು ಬೇಕು, ದೊಡ್ಡ ಬಂಡವಾಳವನ್ನು ಅದು ಮಾತ್ರವೇ ತಡೆಯಬಲ್ಲದು. ಆದರೆ ಕಡಲಲ್ಲಿ ಪ್ರತಿ ಬೋಟಿನ ಹಿಂದೆ ಪೊಲೀಸರನ್ನು ಕಳಿಸಲಾಗದು. ತಾವೇ ಕೂತು ಒಪ್ಪಿದ ನಿಯಮವನ್ನು ತಾವೇ ಕಾಯುವ ಜನ ಬೇಕು. ಅಂಥ ಜನ ಈ ತೀರದಲ್ಲಿ ಇದ್ದರು, ಈಗಲೂ ಇದ್ದಾರೆ. ಈಗಿರುವ ಸಂಘಗಳು ಪರ್ಸೀನ್ ಮಾಲೀಕರದೊಂದು, ಟ್ರಾಲ್ ಬೋಟಿನವರದೊಂದು, ನಾಡದೋಣಿಯವರದೊಂದು, ತಾಂಡೇಲರದೊಂದು, ಹಸಿಮೀನು ಮಾರುವ ಮಹಿಳೆಯರದೊಂದು ಎಂದು ಹರಿದು ಹಂಚಿವೆ. ಪ್ರತಿಯೊಂದೂ ತನ್ನ ಮನವಿಯನ್ನು ಬೇರೆಯಾಗಿ ಮಂತ್ರಿಗಳಿಗೆ ಕೊಡುತ್ತದೆ. ಇವರೆಲ್ಲರನ್ನೂ ಕೂಡಿಸಿದ, ಹೊರಗಿನಿಂದ ಬಂದು ದುಡಿಯುವವರ ಪ್ರತಿನಿಧಿಯೂ ಇರುವ ಬಂದರು ಸಭೆಯೊಂದು ಪ್ರತಿ ಬಂದರಿನಲ್ಲಿ ಆಗಬೇಕು. ಏಲಂನಲ್ಲಿ ಮೊದಲ ಇಷ್ಟು ಬುಟ್ಟಿ ಸ್ಥಳೀಯ ಮಹಿಳೆಯರಿಗೆ ಎಂಬ ನಿಯಮ, ಬಲೆಯ ಕಣ್ಣಿನ ಅಳತೆ, ದೀಪ ಹಚ್ಚಿದವನಿಗೆ ಬಂದರಿನಲ್ಲೇ ವಿಧಿಸುವ ದಂಡ, ಬೋಟಿನಲ್ಲಿ ದುಡಿಯುವ ಪ್ರತಿಯೊಬ್ಬನ ಹೆಸರು ಮತ್ತು ಪಾಲು ಬರೆದಿಟ್ಟ ಪುಸ್ತಕ, ಇವು ಆ ಸಭೆಯ ಮುಂದೆ ಬರಬೇಕಾದ ವಿಷಯಗಳು. ಸಮಾಜದ ದೊಡ್ಡ ದೇವಸ್ಥಾನಗಳು, ಮುಂಬೈಯ ಮಂಡಳಿಯಂಥ ಸಂಸ್ಥೆಗಳು ಕರೆದರೆ ಬರುವುದಿಲ್ಲ ಎನ್ನುವ ಮೊಗವೀರ ಮಾಲೀಕರು ಕಡಿಮೆ. ಅವರಿಗೆ ಇರುವ ಗೌರವವನ್ನು ಈ ಕೆಲಸಕ್ಕೆ ಬಳಸಬಹುದು. ಉಳಿದ ಸಮುದಾಯಗಳ ಮಾಲೀಕರನ್ನು ಮೀನುಗಾರಿಕೆ ಇಲಾಖೆ ಕರೆಸಬೇಕು. ಸಭೆಗೆ ಹೊತ್ತು ಯಾವುದು ಎಂಬುದನ್ನೂ ಯೋಚಿಸಬೇಕಾಗುತ್ತದೆ. ನಿಷೇಧದ ಎರಡು ತಿಂಗಳಲ್ಲಿ ಎಲ್ಲ ಬೋಟುಗಳೂ ದಡದಲ್ಲಿರುತ್ತವೆ, ಅದೇ ಅನುಕೂಲ ಎಂದು ತೋರಬಹುದು. ಆದರೆ ಬೋಟು ಕಟ್ಟಿದೊಡನೆ ಒಡಿಶಾ, ಆಂಧ್ರ, ಜಾರ್ಖಂಡಿನ ಹುಡುಗರು ಲೆಕ್ಕ ಚುಕ್ತಾ ಮಾಡಿಕೊಂಡು ಊರಿನ ರೈಲು ಹತ್ತುತ್ತಾರೆ. ಅವರೂ ಕೂತು ಮಾತಾಡುವಂತಾಗಬೇಕಾದರೆ ಸಭೆಯನ್ನು ಮೇ ತಿಂಗಳ ಕೊನೆಯ ವಾರದೊಳಗೆ ಕರೆಯಬೇಕು.